ಹತ್ತು ದಿನದ ನೆಂಟರು

1998ರ ಅಕ್ಟೋಬರ್ ಕೊನೆಯ ವಾರದಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶದ ಮೇಲೆ ಬಂದು ಕೂತಿತು. ಕೂತಿತು ಎನ್ನುವುದೇ ಸರಿ; ಬೀಸಿ ಮುಂದೆ ಹೋಗುವ ಬದಲು ದಿನಗಟ್ಟಲೆ ಅಲ್ಲೇ ಮಳೆ ಸುರಿಸಿತು. ಗುಡ್ಡಗಳು ಜರಿದವು, ಹೊಳೆಗಳು ಊರೊಳಗೆ ನುಗ್ಗಿದವು, ಮಧ್ಯ ಅಮೆರಿಕದಲ್ಲಿ ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೊಚ್ಚಿಹೋದ ಮನೆಗಳನ್ನು ಮತ್ತೆ ಎಬ್ಬಿಸಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡದ ಹಿಂದೆ ತಂಡ ಬಂತು. ಬಂದವರು ವಾರವೋ ಹತ್ತು ದಿನವೋ ಇದ್ದು, ಸಿಮೆಂಟ್ ಇಟ್ಟಿಗೆ ಹೊತ್ತು, ಗಾರೆ ಕಲಸಿ, ಸಂಜೆ ಊರಿನವರ ಜೊತೆ ಪ್ರಾರ್ಥನೆ ಮಾಡಿ ಹಿಂದಿರುಗಿದರು. ಹೊಂಡುರಾಸ್‌ನಲ್ಲೇ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಈ ಮನೆಗಳ ಲೆಕ್ಕ ತೆಗೆದು 2006ರಲ್ಲಿ ಪ್ರಕಟಿಸಿದರು. ಅಲ್ಲಿನದೇ ಕ್ರೈಸ್ತ ಸಂಸ್ಥೆಯೊಂದು ಕಟ್ಟಿಸಿದ ಮನೆಗೆ ಸುಮಾರು 2,000 ಡಾಲರ್ ಬಿದ್ದಿತ್ತು. ಪರದೇಶದ ತಂಡ ಬಂದು ಕಟ್ಟಿದ ಮನೆಗೆ, ವಿಮಾನದ ಟಿಕೆಟ್ಟು, ಊಟ, ವಸತಿ ಎಲ್ಲ ಸೇರಿ, ಸುಮಾರು 30,000 ಡಾಲರ್. ವೆರ್ ಬೀಕ್ ಮಿಷನ್ ಕೆಲಸದ ವೈರಿಯಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅವರು ಮಿಷಿಗನ್‌ನ ಕ್ಯಾಲ್ವಿನ್ ಎಂಬ ಕ್ರೈಸ್ತ ಕಾಲೇಜಿನ ಅಧ್ಯಾಪಕರಾಗಿದ್ದವರು. ಒಂದು ಮನೆಯ ದುಡ್ಡಿಗೆ ಹದಿನೈದು ಮನೆ ಏಳುತ್ತಿತ್ತು ಎಂಬ ಈ ಲೆಕ್ಕ ಒಳಮನೆಯವರೇ ಮಾಡಿದ್ದು.

ಒಂದೆರಡು ವಾರ ಪರದೇಶದಲ್ಲಿ ಕ್ರೈಸ್ತ ಸೇವೆ ಮಾಡಿ ಬರುವುದಕ್ಕೆ ಅಮೆರಿಕದಲ್ಲಿ ಮಿಷನ್ ಟ್ರಿಪ್ ಎಂದೇ ಹೆಸರು. ಪದ್ಧತಿ ಹಳೆಯದೇನಲ್ಲ. 1957ರ ರಜೆಯಲ್ಲಿ ಜಾರ್ಜ್ ವರ್ವರ್ ಎಂಬ ಕಾಲೇಜು ವಿದ್ಯಾರ್ಥಿ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಸುವಾರ್ತೆಯ ಪುಸ್ತಕಗಳನ್ನು ಹೇರಿಕೊಂಡು ಮೆಕ್ಸಿಕೋಗೆ ಹೋದ. ಆಪರೇಷನ್ ಮೊಬಿಲೈಸೇಷನ್ ಎಂಬ ದೊಡ್ಡ ಸಂಸ್ಥೆಯ ಬೇರು ಅಲ್ಲಿದೆ. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ 'ಯೂತ್ ವಿತ್ ಎ ಮಿಷನ್' ಹುಟ್ಟುಹಾಕಿದರು. ಅದಕ್ಕೆ ಹಿಂದೆ ಮಿಷನರಿ ಎಂದರೆ ಹಡಗು ಹತ್ತಿ ಹೋದವನು, ಎಷ್ಟೋ ಸಲ ಹೋದ ನೆಲದಲ್ಲೇ ಮಣ್ಣಾದವನು. ವಿಮಾನ ಅಗ್ಗವಾಯಿತು, ರಜೆ ಅಷ್ಟೇ ಉಳಿಯಿತು, ಸೇವೆ ರಜೆಯ ಅಳತೆಗೆ ಬಂತು. ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೌ 2005ರ ಸಮೀಕ್ಷೆಯೊಂದರಿಂದ ಅಂದಾಜು ಮಾಡಿದಂತೆ ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ನರು ಹೀಗೆ ದೇಶದ ಗಡಿ ದಾಟುತ್ತಿದ್ದರು. ದಕ್ಷಿಣ ಕೊರಿಯಾದ ಕ್ರೈಸ್ತ ಸಭೆಗಳೂ ಈ ದಾರಿ ಹಿಡಿದು ಬಹಳ ಕಾಲವಾಯಿತು.

ಇಷ್ಟು ಜನ ಇಷ್ಟು ಖರ್ಚು ಮಾಡಿ ಹೋಗುವುದು ಶುದ್ಧ ಮೌಢ್ಯ ಎಂದು ತಳ್ಳಿಹಾಕುವುದು ಸುಲಭ, ಶುದ್ಧ ತ್ಯಾಗ ಎಂದು ಹಾಡಿಹೊಗಳುವುದು ಇನ್ನೂ ಸುಲಭ. ಎರಡೂ ಕಡೆಯವರು ಹೋದವನನ್ನು ಕೆಲಸಗಾರನೆಂದು ಹಿಡಿದೇ ತೂಗುತ್ತಾರೆ. ತಪ್ಪು ಅಲ್ಲೇ ಇದೆ. ಹತ್ತು ದಿನಕ್ಕೆ ಹೋದವನು ನೆಂಟ. ನೆಂಟನಾಗಿ ನಡೆದುಕೊಂಡಲ್ಲಿ ಈ ಪ್ರಯಾಣದಿಂದ ಅವನಿಗೂ ಮನೆಯವರಿಗೂ ಸಂತೋಷ ಸಿಕ್ಕಿದೆ. ಮನೆಯ ಯಜಮಾನನಂತೆ ನಡೆದುಕೊಂಡಲ್ಲಿ ಕೇಡಾಗಿದೆ. ಇದು ನನ್ನ ವಾದ, ಮತ್ತು ಇದಕ್ಕೆ ಆಧಾರ ಮಿಷನ್ನಿನವರೇ ನೆಚ್ಚಿಕೊಳ್ಳುವ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲೇ ಇದೆ. ಯೇಸು ಎಪ್ಪತ್ತು ಮಂದಿಯನ್ನು (ಕೆಲವು ಪ್ರತಿಗಳಲ್ಲಿ ಎಪ್ಪತ್ತೆರಡು) ಇಬ್ಬಿಬ್ಬರಂತೆ ಊರುಗಳಿಗೆ ಕಳಿಸುತ್ತಾನೆ. ಅಲ್ಪಾವಧಿ ಸೇವೆಗೆ ಬೈಬಲ್ಲಿನ ಅಪ್ಪಣೆ ಯಾವುದು ಎಂದು ಕೇಳಿದರೆ ಹೆಚ್ಚಿನವರು ತೋರಿಸುವುದು ಈ ಪ್ರಸಂಗವನ್ನೇ. ತೋರಿಸುವವರು ಮುಂದಿನ ಸಾಲುಗಳನ್ನು ಅಷ್ಟಾಗಿ ಓದುವುದಿಲ್ಲ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕಾಲಿಗೆ ಕೆರವೂ ಬೇಡ. ಬರಮಾಡಿಕೊಂಡ ಮನೆಯಲ್ಲಿ ಉಳಿಯಬೇಕು, ಮನೆ ಮನೆ ಬದಲಿಸಬಾರದು, ಬಡಿಸಿದ್ದನ್ನು ಉಣ್ಣಬೇಕು. ಅಲ್ಲಿ ಆಳಿನ ಮಾತೂ ಕೂಲಿಯ ಮಾತೂ ಬರುತ್ತದೆ, ನಿಜ. ಆದರೆ ಕೂಲಿ ಕೊಡುವವನು ಆ ಮನೆಯ ಯಜಮಾನ. ಹೋದವನು ಬರಿಗೈ, ಅವನ ಅನ್ನ ಇನ್ನೊಬ್ಬರ ಒಲೆಯ ಮೇಲೆ. ಇಂದಿನ ತಂಡದ ಸಾಮಾನು ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಹಂಚಲು ಬಟ್ಟೆಯ ಮೂಟೆ, ಆಟಿಕೆ, ಮಾತ್ರೆಗಳ ಡಬ್ಬ, ಕುಡಿಯುವ ನೀರಿನ ಬಾಟಲಿ, ಹೊಟ್ಟೆ ಕೆಟ್ಟೀತೆಂದು ತಂದ ತಿಂಡಿ ಪೊಟ್ಟಣ, ಎಲ್ಲದರ ಮೇಲೆ ಒಂದೇ ಬಣ್ಣದ ಟೀ ಶರ್ಟ್. ಈ ತಂಡಕ್ಕೆ ಆ ಊರಿನಿಂದ ಏನೂ ಬೇಕಾಗಿಲ್ಲ.

ಕಟ್ಟಡ ಕೆಲಸದಲ್ಲಿ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಕೆಲಸವಿಲ್ಲದೆ ಕೂತ ಗಾರೆಯವರಿರುವ ಊರಿಗೆ, ಕರಣೆ ಹಿಡಿದೇ ಗೊತ್ತಿಲ್ಲದ ಹದಿನೆಂಟರ ಹುಡುಗರು ಸಮುದ್ರ ದಾಟಿ ಬಂದು ಗೋಡೆ ಕಟ್ಟುತ್ತಾರೆ. ಸಾಲಾಗಿ ನಿಂತು ಇಟ್ಟಿಗೆ ಕೈ ದಾಟಿಸುತ್ತಾರೆ, ಒಬ್ಬರ ಕೈಗೆ ಕೊಟ್ಟು ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಫೋಟೋ ಆಗುತ್ತದೆ. ಮೇಸ್ತ್ರಿ ತೂಗುಗುಂಡು ಹಿಡಿದು ನಿಂತಿರುತ್ತಾನೆ. ಸಾಲು ಓರೆಯಾದರೆ ಬಾಯಿಬಿಟ್ಟು ಹೇಳುವುದಿಲ್ಲ, ಅವರು ಊಟಕ್ಕೆ ಎದ್ದ ಮೇಲೆ ಬಿಚ್ಚಿ ಸರಿಮಾಡುತ್ತಾನೆ. ಅಟ್ಲಾಂಟಾದಲ್ಲಿ ದಶಕಗಳ ಕಾಲ ಬಡವರ ನಡುವೆ ಕ್ರೈಸ್ತ ಸೇವೆ ಮಾಡಿದ ರಾಬರ್ಟ್ ಲಪ್ಟನ್, 2011ರ ತಮ್ಮ ಪುಸ್ತಕದಲ್ಲಿ, ಒಂದೇ ಬೇಸಿಗೆಯಲ್ಲಿ ಆರು ತಂಡಗಳಿಂದ ಆರು ಸಲ ಬಣ್ಣ ಬಳಿಸಿಕೊಂಡ ಮೆಕ್ಸಿಕೋದ ಚರ್ಚೊಂದನ್ನು ನೆನೆಯುತ್ತಾರೆ. ನಗು ಬರುತ್ತದೆ, ನಿಜ. ಆದರೆ ಆರನೆಯ ಸಲವೂ ಬೇಡವೆನ್ನದ ಆ ಸಭೆಯವರ ಮನಸ್ಸನ್ನು ಯೋಚಿಸಿದರೆ ನಗು ಅಷ್ಟು ಹೊತ್ತು ಉಳಿಯುವುದಿಲ್ಲ. ದೂರದಿಂದ ಬಂದವರಿಗೆ ಏನಾದರೂ ಕೆಲಸ ಹುಡುಕಿ ಕೊಡುವುದು ಅವರ ಪಾಲಿಗೆ ಅತಿಥಿ ಸತ್ಕಾರದ ಒಂದು ಬಗೆ. ಬಂದವರು ತಾವು ಸೇವೆ ಮಾಡಿದೆವೆಂದು ತಿಳಿದರು. ಸೇವೆ ಮಾಡಿಸಿಕೊಂಡವರು ಅವರೇ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಮತ್ತು ಅದು ಗಟ್ಟಿಯಾದ ಆಕ್ಷೇಪ. ಆ 30,000 ಡಾಲರ್ ಮೊದಲೇ ಒಂದು ಪೆಟ್ಟಿಗೆಯಲ್ಲಿ ಕೂತು ಯಾವ ಮನೆಗೆ ಹೋಗಲಿ ಎಂದು ಕಾಯುತ್ತಿರಲಿಲ್ಲ. ಹುಡುಗಿಯೊಬ್ಬಳು ತನ್ನ ಅಜ್ಜಿಗೆ, ಮಾವನಿಗೆ, ಸಭೆಯ ಹಿರಿಯರಿಗೆ ಕಾಗದ ಬರೆದು ಬೇಡಿದ್ದಕ್ಕೆ ಆ ಹಣ ಹುಟ್ಟಿತು. ಮೊಮ್ಮಗಳ ಪ್ರಯಾಣಕ್ಕೆ ಕೊಟ್ಟ ಅಜ್ಜಿ, ಹೆಸರು ಗೊತ್ತಿಲ್ಲದ ಹೊಂಡುರಾಸಿನ ಮೇಸ್ತ್ರಿಯ ಕೂಲಿಗೆ ಅಷ್ಟೇ ಕೊಡುತ್ತಿದ್ದಳೇ? ಬಹುಶಃ ಇಲ್ಲ. ಹಾಗಿದ್ದರೆ ಹದಿನೈದು ಮನೆಯ ಲೆಕ್ಕ ಕಾಗದದ ಮೇಲಿನ ಲೆಕ್ಕ. ಒಪ್ಪಿಕೊಳ್ಳೋಣ. ಒಪ್ಪಿಕೊಂಡ ಕೂಡಲೇ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ: ಆ ಹಣ ಖರ್ಚಾದದ್ದು ಹುಡುಗಿಗಾಗಿ, ಮನೆಗಾಗಿ ಅಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಜನ ಸಾಲ ಮಾಡಿಯಾದರೂ ಕಾಶಿಗೆ ಹೋಗಿ ಬಂದಿದ್ದಾರೆ. ಹೋಗಿ ಬಂದವರು ಗಂಗೆಯ ತಂಬಿಗೆ ತೋರಿಸುತ್ತಾರೆಯೇ ಹೊರತು ಕಾಶಿಯನ್ನು ಉದ್ಧಾರ ಮಾಡಿ ಬಂದೆವು ಎನ್ನುವುದಿಲ್ಲ. ಯಾತ್ರೆಯ ಖರ್ಚನ್ನು ಯಾತ್ರೆಯ ಖಾತೆಗೇ ಬರೆದರೆ ಜಗಳವಿಲ್ಲ. ಪರಿಹಾರ ಕಾರ್ಯದ ಖಾತೆಗೆ ಬರೆದಾಗ ದಾನಿಗೆ ಹೇಳಿದ್ದು ಸುಳ್ಳಾಗುತ್ತದೆ, ಮನೆ ಕಳೆದುಕೊಂಡವನು ಬೇರೊಬ್ಬರ ಯಾತ್ರೆಗೆ ಹಿನ್ನೆಲೆಯಾಗುತ್ತಾನೆ.

ಯಾತ್ರೆಯಾದರೂ ಯಾತ್ರಿಕನನ್ನು ಬದಲಿಸುತ್ತದಲ್ಲ ಎನ್ನಬಹುದು. ಮರಳಿ ಬಂದವರನ್ನು ಕೇಳಿದರೆ ಬದುಕೇ ಬದಲಾಯಿತು ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ. ವೆರ್ ಬೀಕ್ ಆ ಮಾತನ್ನು ಅಷ್ಟಕ್ಕೇ ಬಿಡದೆ ದೇಣಿಗೆಯ ಪುಸ್ತಕ ತೆಗೆಸಿ ನೋಡಿದರು. ಹೆಚ್ಚು ಕೊಡುತ್ತಿದ್ದೇವೆ ಎಂದು ಹೇಳಿದವರ ಸಂಖ್ಯೆಗೂ ಪುಸ್ತಕದಲ್ಲಿ ನಿಜವಾಗಿ ಏರಿದ ಮೊತ್ತಕ್ಕೂ ತಾಳೆಯಾಗಲಿಲ್ಲ. ಮಿಷನ್ ಅಧ್ಯಯನದ ಮಾನವಶಾಸ್ತ್ರಜ್ಞ ರಾಬರ್ಟ್ ಪ್ರೀಸ್ಟ್ ಮತ್ತು ಸಂಗಡಿಗರೂ ನಮ್ಮವರೇ ಮೇಲು ಎಂಬ ಭಾವ, ವಸ್ತುಮೋಹ ಇವು ಪ್ರಯಾಣದಿಂದ ತಾನಾಗಿ ಕರಗುವುದಿಲ್ಲ ಎಂದೇ ಕಂಡರು. ಬಡವರಾದರೂ ಎಷ್ಟು ಸಂತೋಷವಾಗಿದ್ದಾರೆ ಎಂದು ಬೆರಗಾಗಿ ಬರುವವರಿದ್ದಾರಲ್ಲ, ಆ ಬೆರಗು ನನಗೆ ಯಾವಾಗಲೂ ಅನುಮಾನ ತರಿಸುತ್ತದೆ. ನೆಂಟರ ಮುಂದೆ ಯಾವ ಮನೆಯವರು ಅಳುತ್ತಾರೆ? ಹತ್ತು ದಿನ ಇರುವವನಿಗೆ ಕಾಣುವುದು ಹಬ್ಬದ ಮುಖ. ಸಾಲಗಾರ ಬಾಗಿಲಿಗೆ ಬರುವ ದಿನ ಅವನು ಅಲ್ಲಿರುವುದಿಲ್ಲ.

ಕಟ್ಟಡ ಓರೆಯಾದರೆ ಬಿಚ್ಚಿ ಕಟ್ಟಬಹುದು. ಮಕ್ಕಳ ವಿಷಯ ಹಾಗಲ್ಲ. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ನೂರಕ್ಕೆ 75ರಷ್ಟು ಏರಿತು, ಅಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದರು ಎಂದು ಯುನಿಸೆಫ್ ತಿಳಿಸಿತು. ಅನಾಥರು ಹೆಚ್ಚಾದದ್ದರಿಂದ ಅನಾಥಾಲಯ ಹೆಚ್ಚಾಗಲಿಲ್ಲ. ಅನಾಥರನ್ನು ನೋಡಲು, ಮುದ್ದಿಸಲು, ಹಣ ಕೊಡಲು ಬರುವ ಪರದೇಶಿಗಳು ಹೆಚ್ಚಾದದ್ದರಿಂದ ಹೆಚ್ಚಾಯಿತು. ಅವರಲ್ಲಿ ಚರ್ಚಿನ ತಂಡದವರಷ್ಟೇ ಅಲ್ಲ, ಬರಿಯ ಪ್ರವಾಸಿಗಳೂ ಇದ್ದರು. ಬಂದ ಮೊದಲ ದಿನವೇ ಅಪರಿಚಿತರ ಕೊರಳಿಗೆ ಜೋತುಬೀಳುವ ಮಗುವನ್ನು ಕಂಡು ಕಣ್ಣೀರಾಗುವವರು, ಮನೆಯಲ್ಲಿ ಬೆಳೆದ ಮಗು ಹಾಗೆ ಮಾಡುವುದಿಲ್ಲ ಎಂಬುದನ್ನು ನೆನಪಿಸಿಕೊಂಡರೆ ಸಾಕು. ನಮ್ಮ ಮನೆಯ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಹೋಗುತ್ತದೆ. ಇಲ್ಲಿ ಸೆರಗಿಲ್ಲ, ಹತ್ತನೆಯ ದಿನ ಈ ಕೊರಳೂ ಹೊರಟುಹೋಗುತ್ತದೆ, ಮುಂದಿನ ಸೋಮವಾರ ಇನ್ನೊಂದು ಬರುತ್ತದೆ. 2010ರ ಜನವರಿಯಲ್ಲಿ ಹೈಟಿಯ ಭೂಕಂಪವಾಗಿ ಎರಡು ವಾರ ಕಳೆದ ಮೇಲೆ, ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಡೊಮಿನಿಕನ್ ಗಣರಾಜ್ಯಕ್ಕೆ ಸಾಗಿಸಲು ಹೋಗಿ ಗಡಿಯಲ್ಲಿ ಸಿಕ್ಕಿಬಿದ್ದರು. ಆ ಮಕ್ಕಳಲ್ಲಿ ಬಹಳಷ್ಟು ಜನರ ಅಪ್ಪ ಅಮ್ಮ ಬದುಕಿದ್ದರು. ಸಾಗಿಸಲು ಹೋದವರ ಉದ್ದೇಶ ಕೆಟ್ಟದಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಮನೆಯ ಮಕ್ಕಳ ಭವಿಷ್ಯವನ್ನು ನೆಂಟ ತೀರ್ಮಾನಿಸಿದರೆ ಒಳ್ಳೆಯ ಉದ್ದೇಶದಿಂದಲೂ ಅದೇ ಆಗುತ್ತದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕುರಿತ ಕಾಯ್ದೆ ತರುವಾಗ ಅನಾಥಾಲಯಕ್ಕಾಗಿ ನಡೆಯುವ ಮಕ್ಕಳ ಸಾಗಾಟವನ್ನೂ ಗುಲಾಮಗಿರಿಯ ಒಂದು ರೂಪವೆಂದೇ ಗುರುತಿಸಿತು.

ಕರೆಯದ ಮನೆಗೆ ಹೋಗುವ ನೆಂಟನ ಮಾತು ಬೇರೆಯೇ. 2007ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಒಂದು ಸಭೆಯ 23 ಮಂದಿ ಕಾಬೂಲಿನಿಂದ ಕಂದಹಾರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಘಜ್ನಿಯಲ್ಲಿ ತಾಲಿಬಾನ್ ಕೈಗೆ ಸಿಕ್ಕರು. ಇಬ್ಬರನ್ನು ಕೊಂದರು. ಉಳಿದವರು ಬಿಡುಗಡೆಯಾಗಲು ಆಗಸ್ಟ್ ಕೊನೆಯಾಯಿತು. ಕೊರಿಯಾ ಸರ್ಕಾರ ತನ್ನ ಸೈನಿಕರನ್ನು ಆ ವರ್ಷದ ಕೊನೆಯೊಳಗೆ ಹಿಂದಕ್ಕೆ ಕರೆಸಿಕೊಳ್ಳುವ, ಅಫ್ಘಾನಿಸ್ತಾನದಲ್ಲಿ ಮಿಷನ್ ಕೆಲಸ ನಿಲ್ಲಿಸುವ ಮಾತು ಕೊಡಬೇಕಾಯಿತು. ತಮ್ಮ ಪ್ರಾಣದ ಗಂಡಾಂತರವನ್ನು ತಾವು ಹೊತ್ತುಕೊಳ್ಳುವುದು ನಂಬಿಕೆಯ ಹಕ್ಕು ಇರಬಹುದು. ಇಲ್ಲಿ ಹೊತ್ತವರಲ್ಲಿ ಒಂದು ದೇಶವೇ ಸೇರಿತ್ತು, ಅದನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ ಕಡಿಮೆ ಅವಧಿಯೇ ರೋಗವೇ? ಅಲ್ಲ. ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸಂಸ್ಥೆಯ ಆಸ್ಪತ್ರೆ ಹಡಗುಗಳು ಆಫ್ರಿಕದ ಬಂದರೊಂದಕ್ಕೆ, ಆ ದೇಶದ ಸರ್ಕಾರ ಕರೆದ ಮೇಲೆ, ಬಂದು ಸುಮಾರು ಹತ್ತು ತಿಂಗಳು ಲಂಗರು ಹಾಕುತ್ತವೆ. ಶಸ್ತ್ರವೈದ್ಯರಲ್ಲಿ ಹಲವರು ಎರಡು ವಾರಕ್ಕೆ ಬಂದು ಹೋಗುವವರು. ಸೀಳುತುಟಿ ಹೊಲಿಯಲು, ಮುಖದ ಗೆಡ್ಡೆ ತೆಗೆಯಲು ಎರಡು ವಾರ ಬೇಕಾದಷ್ಟಾಯಿತು, ಏಕೆಂದರೆ ಗಾಯ ಒಣಗುವವರೆಗೆ ನೋಡಿಕೊಳ್ಳುವ ದಾದಿಯರು, ರೋಗಿಯ ಕಡತ, ಔಷಧದ ಬೀರು ಎಲ್ಲ ಅಲ್ಲೇ ಉಳಿಯುತ್ತವೆ. ಇದರ ಪಕ್ಕದಲ್ಲಿ ಒಂದು ದಿನದ ಆರೋಗ್ಯ ಶಿಬಿರವನ್ನು ಇಡಿ. ಶಾಲೆಯ ಬೆಂಚಿನ ಮೇಲೆ ಕೂತ ಮುದುಕಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಹೆಚ್ಚಿದೆ ಎಂದು ಹೇಳಿ, ಒಂದು ತಿಂಗಳ ಮಾತ್ರೆಯ ಪ್ಲಾಸ್ಟಿಕ್ ಪೊಟ್ಟಣ ಕೈಗಿಡುತ್ತಾರೆ. ಮೇಲೆ ಬರೆದದ್ದು ಅವಳಿಗೆ ಓದಲು ಬಾರದ ಭಾಷೆ. ಮೂವತ್ತೊಂದನೆಯ ದಿನ ಏನು ಎಂದು ಆ ಪೊಟ್ಟಣ ಹೇಳುವುದಿಲ್ಲ. ಎರಡೂ ಕಡೆ ವೈದ್ಯರು ಇದ್ದದ್ದು ಸ್ವಲ್ಪ ಕಾಲವೇ. ವ್ಯತ್ಯಾಸವೆಲ್ಲ ಅವರು ಹೋದ ಮೇಲೆ ಉಳಿದದ್ದರಲ್ಲಿ. ಇನ್ನೂ ಹತ್ತಿರದ ಉದಾಹರಣೆ ವೆಲ್ಲೂರಿನದು. ಇಡಾ ಸ್ಕಡರ್ 1890ರಲ್ಲಿ ಅಮೆರಿಕದಿಂದ ತಿಂಡಿವನಕ್ಕೆ ಬಂದದ್ದು ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಂಡು ಹಿಂದಿರುಗಲು. ಮಿಷನರಿಯಾಗುವ ಮನಸ್ಸು ಇರಲಿಲ್ಲ. ಒಂದೇ ರಾತ್ರಿ ಮೂವರು ಗರ್ಭಿಣಿಯರು, ಗಂಡಸು ವೈದ್ಯ ಮುಟ್ಟಬಾರದೆಂಬ ಕಟ್ಟಿಗೆ ಸಿಕ್ಕಿ ಸತ್ತರು. ಆಕೆ ಮಾರನೆಯ ದಿನವೇ ಸೇವೆಗೆ ಧುಮುಕಲಿಲ್ಲ. ಹಿಂದಿರುಗಿ ವೈದ್ಯಶಾಸ್ತ್ರ ಓದಿದರು, 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದರು, 1900ರಲ್ಲಿ ಬಂದು ವೆಲ್ಲೂರಿನಲ್ಲಿ ಚಿಕಿತ್ಸಾಲಯ ತೆರೆದರು. ಆ ಸಣ್ಣ ಭೇಟಿ ಆಕೆಗೆ ತನ್ನ ಕೈಲಾಗದ್ದನ್ನು ತೋರಿಸಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಹುಟ್ಟಿದ್ದು ಆ ತಿಳಿವಳಿಕೆಯಿಂದ ಮತ್ತು ನಡುವಿನ ಓದಿನ ವರ್ಷಗಳಿಂದ.

ಇನ್ನು ನಮ್ಮ ಓದುಗರ ನಾಲಿಗೆಯ ತುದಿಯಲ್ಲಿರುವ ಆಕ್ಷೇಪ: ಮನೆ, ಮಾತ್ರೆ, ಆಟಿಕೆ ಎಲ್ಲವೂ ನೆಪ, ಅಸಲು ಉದ್ದೇಶ ಮತಾಂತರ. ಆ ಉದ್ದೇಶ ಇರುವುದು ನಿಜ, ಎಷ್ಟೋ ತಂಡಗಳು ಅದನ್ನು ಬಚ್ಚಿಡುವುದೂ ಇಲ್ಲ. ತಾನು ನಂಬಿದ್ದನ್ನು ಇನ್ನೊಬ್ಬರಿಗೆ ಹೇಳಬೇಕೆನ್ನುವುದು ಆ ಧರ್ಮದ ಒಳಗಿನ ಕಟ್ಟಳೆ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮಪ್ರಚಾರಕ್ಕೆ ಎಡೆಗೊಡುತ್ತದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಪರದೇಶಿಗಳು ಪ್ರವಾಸಿ ವೀಸಾ ಹಿಡಿದು ಇಲ್ಲಿ ಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಎಂಬ ಬೇರೆಯೇ ವರ್ಗವಿದೆ. ಕಾನೂನು ಒತ್ತಟ್ಟಿಗಿರಲಿ. ನೀತಿಯ ಪ್ರಶ್ನೆ ಇರುವುದು ಕೇಳುವವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಉಳಿದಿದೆಯೇ ಎಂಬುದರಲ್ಲಿ. ಅಕ್ಕಿ ಮೂಟೆ ಇಳಿಸಿದ ಕೈಯೇ ಸುವಾರ್ತೆಯ ಪುಸ್ತಕ ನೀಡಿದರೆ, ಆ ಸ್ವಾತಂತ್ರ್ಯ ಎಷ್ಟು ಉಳಿಯಿತೆಂದು ಕೊಟ್ಟವನಿಗೂ ತಿಳಿಯುವುದಿಲ್ಲ, ಪಡೆದವನಿಗೂ ತಿಳಿಯುವುದಿಲ್ಲ. ಒಂದು ವಾರದ ಸಭೆಯಲ್ಲಿ ಇಷ್ಟು ಜನ ಕೈ ಎತ್ತಿದರು ಎಂದು ಲೆಕ್ಕ ಬರೆದುಕೊಂಡು ಹೋಗುವವರಿಗೆ ಅದು ಎಂದೂ ತಿಳಿಯುವುದಿಲ್ಲ. ಲೂಕನ ಬರಿಗೈಯ ಕಟ್ಟಳೆಗೆ ಇಲ್ಲೊಂದು ಬಿಗಿಯಾದ ಅರ್ಥ ಬರುತ್ತದೆ. ಅನ್ನಕ್ಕಾಗಿ ನಿಮ್ಮ ಬಾಗಿಲಿಗೆ ಬಂದವನ ಮಾತನ್ನು ನೀವು ನಿರ್ಭಯವಾಗಿ ತಳ್ಳಿಹಾಕಬಹುದು. ಆಮಿಷವೊಡ್ಡಲು ಅವನ ಬಳಿ ಏನೂ ಇಲ್ಲ.

ಹಿಂದಿನ ಮಿಷನರಿಗಳು ಇವರಿಗಿಂತ ಸಾಚಾ ಆಗಿದ್ದರೇ ಎಂದು ಕೇಳಬಹುದು. ಆಗಿರಬೇಕೆಂದೇನಿಲ್ಲ, ಸಾಮ್ರಾಜ್ಯದ ನೆರಳಲ್ಲಿ ಬಂದವರು ಅವರು, ಇಲ್ಲಿನ ಪೂಜೆ ಪುನಸ್ಕಾರಗಳ ಬಗ್ಗೆ ಕೀಳಾಗಿ ಬರೆದವರೂ ಅವರಲ್ಲಿದ್ದರು. ಆದರೆ ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಷನ್ನಿನಿಂದ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವಿನ ನಲವತ್ತೊಂದು ವರ್ಷಗಳಲ್ಲಿ ಬಹುಪಾಲು ಇಲ್ಲಿನ ಪಂಡಿತರ, ಹಳ್ಳಿಗರ ಬಾಯಿಂದ ಪದ ಕೇಳಿ, ತಪ್ಪಿ, ತಿದ್ದಿಸಿಕೊಂಡು ಕಳೆದವು. ದೀರ್ಘಕಾಲದ ದೊಡ್ಡ ಗುಣ ಅದೇ: ತಿದ್ದಲು ಮನೆಯವರಿಗೆ ಸಮಯ ಸಿಗುತ್ತದೆ. ಬೈಬಲ್ಲಿನ ಪೌಲನೂ ಥೆಸಲೋನಿಕದಲ್ಲಿ ಕೆಲವೇ ವಾರ ಇದ್ದನಲ್ಲ ಎನ್ನುವವರು ಅವನು ಆ ಊರಿನ ಗ್ರೀಕ್ ಮಾತಾಡುತ್ತಿದ್ದ ಎಂಬುದನ್ನು ಮರೆಯುತ್ತಾರೆ. ದುಭಾಷಿಯ ಮೂಲಕ ಹತ್ತು ದಿನ ಮಾತಾಡಿದವನಿಗೆ ತಾನು ಎಲ್ಲಿ ತಪ್ಪಿದೆ ಎಂಬುದೇ ಕಿವಿಗೆ ಬೀಳುವುದಿಲ್ಲ. ದುಭಾಷಿ ಮರ್ಯಾದಸ್ಥನಾಗಿದ್ದಷ್ಟೂ ಬೀಳುವುದಿಲ್ಲ.

ಇವಾನ್ ಇಲಿಚ್ ಇದೆಲ್ಲವನ್ನೂ 1968ರ ಏಪ್ರಿಲ್‌ನಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮುಖಕ್ಕೇ ಹೇಳಿದ್ದರು. ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಆ ಭಾಷಣದ ತಿರುಳು. ಇಲಿಚ್ ಸ್ವತಃ ಕ್ಯಾಥೊಲಿಕ್ ಪಾದ್ರಿಯಾಗಿದ್ದವರು, ಮಿಷನರಿಗಳಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರವನ್ನು ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ನಡೆಸಿದವರು. ಅವರ ಮಾತಿನಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಭಾಗದಲ್ಲಿ ಅವರು ನೆಂಟಸ್ತನದ ಸುಖವನ್ನು ಕಡಿಮೆ ತೂಗಿದರು ಎನಿಸುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತೇವೆ. ಬರಲಿ, ಕೊಡ ಮಾತ್ರ ಮನೆಯವರದಾಗಿರಲಿ, ಬಾವಿ ಅವರು ತೋರಿಸಿದ್ದಾಗಿರಲಿ. ಬೆಳಕು ಹರಿಯುವ ಮುಂಚೆ ಸಭೆಯ ಹೆಂಗಸರು ಮುಸುಕಿನ ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ತೋರ್ತಿಯಾ ಬೇಯಿಸುವ ಕಡೆ ಹೋಗಿ ಕೂತ ಹುಡುಗಿಯ ಕೈಯಲ್ಲಿ ಅದು ಹರಿದು ಚಿಂದಿಯಾಗುತ್ತದೆ, ಸುತ್ತಲಿನವರು ನಗುತ್ತಾರೆ. ಅವಳು ಆ ಊರಿನಲ್ಲಿ ಕಲಿಯುವವಳಾದ ಮೊದಲ ಗಳಿಗೆ ಅದು. ಸಂಜೆ ಇಬ್ಬರಿಗೂ ಗೊತ್ತಿರುವ ಕೀರ್ತನೆಯ ರಾಗ ಎದ್ದಾಗ ಒಬ್ಬರು ಸ್ಪ್ಯಾನಿಷ್‌ನಲ್ಲಿ, ಇನ್ನೊಬ್ಬರು ಇಂಗ್ಲಿಷ್‌ನಲ್ಲಿ ಹಾಡುತ್ತಾರೆ. ದುಭಾಷಿಗೆ ಸ್ವಲ್ಪ ಹೊತ್ತು ಬಿಡುವು. ತಾನು ಯಾರಿಗಾಗಿ ಪ್ರಾರ್ಥಿಸಲು ಬಂದೆನೋ ಅವರೇ ತನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ಬರುವ ಮುಜುಗರದಲ್ಲೂ ಒಂದು ಬಿಡುಗಡೆ ಇದೆ. ಈ ಸಂತೋಷಗಳನ್ನು ಹುಸಿ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಬರಮಾಡಿಕೊಂಡವರೂ ಬರೀ ಕೊಡುಗೈಯವರಲ್ಲ, ಅವರಿಗೂ ಲೆಕ್ಕಾಚಾರವಿದೆ. ಪ್ರೀಸ್ಟ್ ಪೆರುವಿನಲ್ಲಿ ಕಂಡದ್ದು ಇದನ್ನೇ. ಕ್ಯಾಥೊಲಿಕ್ಕರೇ ಹೆಚ್ಚಿರುವ ಆ ದೇಶದಲ್ಲಿ ಸಣ್ಣ ಪ್ರಾಟೆಸ್ಟಂಟ್ ಸಭೆಗಳಿಗೆ ಮುಚ್ಚಿದ್ದ ಎಷ್ಟೋ ಬಾಗಿಲುಗಳು, ಪರದೇಶದ ತಂಡ ಜೊತೆಗಿದ್ದಾಗ ತೆರೆದವು. ಅಲ್ಲಿನ ಸಭಾಪಾಲಕರು ನೆಂಟರನ್ನು ಎಲ್ಲಿ ನಿಲ್ಲಿಸಬೇಕು, ಯಾರಿಗೆ ತೋರಿಸಬೇಕೆಂದು ತಾವೇ ತೀರ್ಮಾನಿಸಿದರು. ಪ್ರಯಾಣದ ಉಪಯೋಗ ನಿಜವಾಗಿ ದಾಖಲಾದ ಕಡೆ ಕಾಣುವುದು ಇಂಥ ಚಿತ್ರ: ಯಜಮಾನಿಕೆ ಮನೆಯವರ ಕೈಯಲ್ಲಿ. ಸ್ಟುಟ್‌ಗಾರ್ಟ್‌ನ ಇಎಂಎಸ್ ಎಂಬ ಮಿಷನ್ ಒಕ್ಕೂಟದಲ್ಲಿ ನಮ್ಮ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸದಸ್ಯ. ಅದರ ಯುವಜನರ ಯೋಜನೆಯಲ್ಲಿ ಜರ್ಮನಿಯವರು ಇತ್ತ ಬರುವಂತೆ ಏಷ್ಯಾ ಆಫ್ರಿಕದವರೂ ಅತ್ತ ಹೋಗಿ ಕೆಲಸ ಮಾಡುತ್ತಾರೆ. ನೆಂಟಸ್ತನ ಎಂದರೆ ಹೋಗಿ ಬರುವ ಎರಡು ಕಡೆಯ ದಾರಿ. ಹೊಂಡುರಾಸಿನ ಮೇಸ್ತ್ರಿಯೊಬ್ಬ ಹತ್ತು ದಿನ ಮಿಷಿಗನ್ನಿಗೆ ಹೋಗಿ ಅಲ್ಲಿನ ಸಭೆಯವರ ಬದುಕು ತಿದ್ದಿ ಬರುತ್ತೇನೆಂದರೆ ವೀಸಾ ಕಚೇರಿಯಲ್ಲಿ ಏನಾದೀತು ಎಂದು ಊಹಿಸಿಕೊಳ್ಳಬಹುದು.

ಲೂಕನ ಆ ಎಪ್ಪತ್ತು ಮಂದಿ ಹಿಗ್ಗಿನಿಂದ ಮರಳಿ ಬಂದು, ದೆವ್ವಗಳೂ ನಮಗೆ ಅಧೀನವಾದವು ಎಂದು ವರದಿ ಒಪ್ಪಿಸುತ್ತಾರೆ. ಅದಕ್ಕಾಗಿ ಹಿಗ್ಗಬೇಡಿ ಎಂಬಂಥ ಉತ್ತರ ಸಿಗುತ್ತದೆ. ಅವರಿಗೆ ಹಾಸಿಗೆ ಬಿಟ್ಟುಕೊಟ್ಟು ಅನ್ನವಿಟ್ಟ ಮನೆಗಳವರು ಏನೆಂದರು ಎಂಬುದನ್ನು ಲೂಕ ಬರೆದಿಲ್ಲ. ಹೊಂಡುರಾಸಿನಲ್ಲಿ ವೆರ್ ಬೀಕ್ ಆ ಮನೆಗಳ ಬಾಗಿಲಿಗೂ ಹೋಗಿ ಕೇಳಿದರು. ಪರದೇಶಿಗಳು ಕಟ್ಟಿದ ಮನೆಯಲ್ಲಿದ್ದವರಿಗೂ ಊರವರು ಕಟ್ಟಿದ ಮನೆಯಲ್ಲಿದ್ದವರಿಗೂ ಬದುಕಿನಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಬಂದವರ ಬಗ್ಗೆ ಅವರು ಕೆಟ್ಟ ಮಾತಾಡಲಿಲ್ಲ. ಆ ದುಡ್ಡಿನಲ್ಲಿ ಇನ್ನಷ್ಟು ಮನೆ ಆಗುತ್ತಿದ್ದವು ಎಂದರು.